ಏಳನೆಯ ತರಗತಿಯ ನಂತರ ಎಲ್ಲಿಗೆ? ಶಾಲಾ ಮಾಧ್ಯಮದ ಬಗ್ಗೆ ಕೆಲವು ಮಾತುಗಳು

(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಪಾಠ)

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳಿಂದ ಬಿಸಿಲಿನಲ್ಲಿ ಬಸ್ಸು ಹಿಡಿದು ಬಂದಿರುವ ಸಂಘದ ಸದಸ್ಯ ಬಂಧುಗಳೇ, ತಾಯಂದಿರೇ, ಸಹೋದ್ಯೋಗಿ ಶಿಕ್ಷಕ ಶಿಕ್ಷಕಿಯರೇ, ನನ್ನ ಪ್ರೀತಿಯ ವಿದ್ಯಾರ್ಥಿಗಳೇ,

ಕಾರ್ಯದರ್ಶಿಗಳು ನನಗೆ ಕೊಟ್ಟ ವಿಷಯ "ಶಿಕ್ಷಣ ನೀತಿಯ ವಿವಾದಾತ್ಮಕ ಪ್ರಶ್ನೆಗಳು". ಮೀಸಲಾತಿ, ಪಠ್ಯಪುಸ್ತಕ, ಸಮವಸ್ತ್ರ, ಪರೀಕ್ಷೆ, ಶುಲ್ಕ ಎಂದು ಪಟ್ಟಿ ಮಾಡುತ್ತ ಹೋದರೆ ಅಸರ್ ನಮಾಜಿನ ಹೊತ್ತಾದರೂ ಮುಗಿಯುವುದಿಲ್ಲ. ಆದ್ದರಿಂದ ನಾನು ಒಂದೇ ಪ್ರಶ್ನೆಯನ್ನು ಹಿಡಿಯುತ್ತೇನೆ. ನಮ್ಮ ಮಗು ಯಾವ ಭಾಷೆಯಲ್ಲಿ ಪಾಠ ಕಲಿಯಬೇಕು? ಉರ್ದುವಿನಲ್ಲಿಯೋ, ಕನ್ನಡದಲ್ಲಿಯೋ, ಇಂಗ್ಲಿಷಿನಲ್ಲಿಯೋ?

ಈ ಪ್ರಶ್ನೆಯನ್ನು ಹಿಡಿಯಲು ಕಾರಣ ನಿಮಗೆಲ್ಲ ಗೊತ್ತೇ ಇದೆ. ಕಳೆದ ಸಭೆಯಲ್ಲಿ ನಮ್ಮ ಸಂಘದ ಉರ್ದು ಪ್ರಾಥಮಿಕ ಶಾಲೆಯನ್ನು ಇಂಗ್ಲಿಷ್ ಮಾಧ್ಯಮಕ್ಕೆ ಬದಲಾಯಿಸಬೇಕೆಂಬ ಸಲಹೆ ಬಂತು. ಹದಿನೈದು ನಿಮಿಷದೊಳಗೆ ಒಂದು ಕಡೆಯವರು ಇನ್ನೊಂದು ಕಡೆಯವರನ್ನು "ಜಬಾನಿನ ದುಶ್ಮನ್" ಎಂದರು. ಅವರು ಇವರನ್ನು "ಬಾವಿಯೊಳಗಿನ ಕಪ್ಪೆ" ಎಂದರು. ಅಷ್ಟರಲ್ಲಿ ಚಹಾ ಬಂತು, ಸಭೆ ಮುಗಿಯಿತು. ಸಲಹೆ ಮಾತ್ರ ಕಡತದಲ್ಲಿ ಹಾಗೆಯೇ ಉಳಿದಿದೆ, ಜೂನ್ ತಿಂಗಳು ಹತ್ತಿರ ಬರುತ್ತಿದೆ. ನಾನು ಬೆಳಿಗ್ಗೆ ಉರ್ದು, ಮಧ್ಯಾಹ್ನ ಕನ್ನಡ ಕಲಿಸುವವಳು. ಹಾಗಾಗಿ ಎರಡೂ ಕಡೆಯವರು ನನ್ನನ್ನು ತಮ್ಮವಳೆಂದೇ ತಿಳಿಯುತ್ತಾರೆ, ಎರಡೂ ಕಡೆಯವರಿಗೆ ನನ್ನ ಮೇಲೆ ಕೊಂಚ ಅನುಮಾನವೂ ಇದೆ. ನನ್ನ ಅಭಿಪ್ರಾಯವನ್ನು ನಾನು ಮುಚ್ಚಿಡುವುದಿಲ್ಲ, ಕೊನೆಗೆ ಹೇಳುತ್ತೇನೆ. ಆದರೆ ಅದಕ್ಕಿಂತ ಮುಖ್ಯವಾದದ್ದು ನಾವು ಚರ್ಚಿಸುವ ರೀತಿ.

ಕನ್ನಡದಲ್ಲಿ "ತಕರಾರು" ಎಂಬ ಶಬ್ದವಿದೆ. ಹೊಲದ ತಕರಾರು, ಬದುವಿನ ತಕರಾರು, ತಹಸೀಲ್ದಾರರ ಕಚೇರಿಗೆ ಕೊಡುವ ತಕರಾರು ಅರ್ಜಿ. ಇದು ಅರಬ್ಬಿಯಿಂದ ಬಂದದ್ದು. ಅಲ್ಲಿ ಅದರ ಅರ್ಥ ಜಗಳವಲ್ಲ, ಹೇಳಿದ್ದನ್ನೇ ತಿರುತಿರುಗಿ ಹೇಳುವುದು. ಉರ್ದುವಿನಲ್ಲಿ ಚರ್ಚೆಗೆ "ಬಹಸ್" ಎನ್ನುತ್ತೇವೆ. ಅದೂ ಅರಬ್ಬಿಯದೇ. ಅದರ ಮೂಲ ಅರ್ಥ ಹುಡುಕುವುದು, ಶೋಧಿಸುವುದು. ಕಳೆದ ಸಭೆಯಲ್ಲಿ ನಾವು ಮಾಡಿದ್ದು ಮೊದಲನೆಯದು. ಎರಡನೆಯದು ಇನ್ನೂ ಆಗಬೇಕಾಗಿದೆ.

ಮೊದಲಿಗೆ ಒಂದು ಮಾತು. ಈ ಪ್ರಶ್ನೆ ಹೊಸದಲ್ಲ. ನಮ್ಮ ಈ ಪ್ರದೇಶ 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೆ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಾಗಿತ್ತು. ಬ್ರಿಟಿಷ್ ಸರ್ಕಾರ 1882ರಲ್ಲಿ ವಿಲಿಯಂ ಹಂಟರ್ ಅವರ ಅಧ್ಯಕ್ಷತೆಯಲ್ಲಿ ಶಿಕ್ಷಣ ಆಯೋಗವೊಂದನ್ನು ನೇಮಿಸಿತು. ಮುಸಲ್ಮಾನರ ಶಿಕ್ಷಣದ ಬಗ್ಗೆ ಆ ಆಯೋಗ ಪ್ರತ್ಯೇಕವಾಗಿ ಶಿಫಾರಸುಗಳನ್ನು ಮಾಡಿತು. ಪ್ರಾಥಮಿಕ ಮತ್ತು ಮಾಧ್ಯಮಿಕ ಹಂತದಲ್ಲಿ ಮುಸಲ್ಮಾನ ಮಕ್ಕಳಿಗೆ ಹಿಂದುಸ್ತಾನಿ, ಅಂದರೆ ಉರ್ದು, ಮುಖ್ಯ ಮಾಧ್ಯಮವಾಗಿರಲಿ. ಆದರೆ ಯಾವ ಊರಿನ ಮುಸಲ್ಮಾನರು ಬೇರೆ ಭಾಷೆ ಬೇಕೆನ್ನುತ್ತಾರೋ ಅಲ್ಲಿ ಅದೇ ಇರಲಿ ಎಂದಿತು. ಇನ್ನೊಂದು ಶಿಫಾರಸನ್ನೂ ಗಮನಿಸಬೇಕು. ಸರ್ಕಾರಿ ನೌಕರಿಯ ಕೆಳಗಿನ ಹುದ್ದೆಗಳಿಗಾದರೂ ಈ ಮಕ್ಕಳು ಅರ್ಹರಾಗಬೇಕಾದರೆ ಆಯಾ ಪ್ರದೇಶದ ಆಡಳಿತ ಭಾಷೆಯನ್ನೂ ಐಚ್ಛಿಕ ವಿಷಯವಾಗಿ ಕಲಿಸಬೇಕು ಎಂದೂ ಅದು ಹೇಳಿತು. ಅಂದರೆ ಉರ್ದು ಮಾಧ್ಯಮ, ಜೊತೆಗೆ ಊರಿನ ಭಾಷೆ. ಕಳೆದ ಸಭೆಯಲ್ಲಿ ಕಿರುಚಾಡಿದ ಮಾತೆಲ್ಲ ಆ ಎರಡು ಸಾಲುಗಳಲ್ಲಿ ಆಗಲೇ ಇದೆ. ತೀರ್ಮಾನವನ್ನು ಸಮಾಜದ ಕೈಗೇ ಬಿಟ್ಟಿದ್ದರು ಎಂಬುದನ್ನೂ ನೋಡಿ.

ಅದೇ ಆಯೋಗದ ಮುಂದೆ ಸರ್ ಸೈಯದ್ ಅಹಮದ್ ಖಾನರೂ ಸಾಕ್ಷ್ಯ ನುಡಿದರು. ನಮ್ಮ ಸಭೆಗಳಲ್ಲಿ ಎರಡೂ ಪಕ್ಷದವರು ಸರ್ ಸೈಯದರ ಹೆಸರು ಹೇಳುತ್ತಾರೆ, ಎರಡೂ ಪಕ್ಷದವರು ಹೇಳುವುದು ಅರ್ಧ ಅರ್ಧ ನಿಜ. 1867ರಲ್ಲಿ ಅವರು ದೇಶಭಾಷೆಯಲ್ಲಿ ಕಲಿಸುವ ವಿಶ್ವವಿದ್ಯಾನಿಲಯ ಬೇಕೆಂದು ಸರ್ಕಾರಕ್ಕೆ ಮನವಿ ಸಲ್ಲಿಸಿದವರು. 1882ರ ಹೊತ್ತಿಗೆ ತಮ್ಮ ಅಭಿಪ್ರಾಯ ಬದಲಾಗಿದೆ ಎಂದು ಆಯೋಗದ ಮುಂದೆಯೇ ಹೇಳಿದರು. ಅವರು ಅಲೀಗಢದಲ್ಲಿ ಕಟ್ಟಿದ್ದು ಇಂಗ್ಲಿಷಿನ ಕಾಲೇಜು. ಇತ್ತ ಹೈದರಾಬಾದಿನಲ್ಲಿ 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾನಿಲಯ ಆರಂಭವಾಯಿತು. ಅದಕ್ಕಾಗಿ ಹಿಂದಿನ ವರ್ಷವೇ ಅನುವಾದ ಸಂಸ್ಥೆಯೊಂದನ್ನು ತೆರೆದು ವಿಜ್ಞಾನದ ಪುಸ್ತಕಗಳನ್ನೆಲ್ಲ ಉರ್ದುವಿಗೆ ತಂದರು. ವೈದ್ಯಕೀಯ, ಎಂಜಿನಿಯರಿಂಗ್ ಕೂಡ ಉರ್ದುವಿನಲ್ಲಿ ಕಲಿಸಿದರು. ಇಬ್ಬರೂ ಕೌಮಿನ ಹಿತವನ್ನೇ ಬಯಸಿದವರು, ಹೋದ ದಾರಿ ಮಾತ್ರ ಬೇರೆ.

ಆದರೆ ಉಸ್ಮಾನಿಯಾದ ಹೆಸರನ್ನು ಹೆಮ್ಮೆಯಿಂದ ಹೇಳುವಾಗ ಹೊಳೆಯಾಚೆ ನೋಡುವುದನ್ನೂ ಮರೆಯಬಾರದು. ಹಗರಿಬೊಮ್ಮನಹಳ್ಳಿಯ ಕಡೆಯಿಂದ ತುಂಗಭದ್ರೆಯ ಹಿನ್ನೀರು ದಾಟಿದರೆ ಕೊಪ್ಪಳ ಸೀಮೆ. ಅದು 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿತ್ತು. ಅಲ್ಲಿ ಪ್ರೌಢ ಶಿಕ್ಷಣ ಉರ್ದುವಿನಲ್ಲಿ ನಡೆಯುತ್ತಿತ್ತು. ಮನೆಯಲ್ಲಿ ಕನ್ನಡವಾಡುವ ಮಕ್ಕಳು ಉರ್ದುವಿನಲ್ಲಿ ಚರಿತ್ರೆ, ಭೂಗೋಳ ಓದಿದರು. ಸರ್ಕಾರದ ಆಜ್ಞೆಯಿಂದ ಬಂದ ಮಾಧ್ಯಮ ಹೇಗಿರುತ್ತದೆಂದು ಅವರಿಗೆ ಗೊತ್ತಿತ್ತು. ಈಗ ನಾವು "ಸರ್ಕಾರ ನಮ್ಮ ಮೇಲೆ ಭಾಷೆ ಹೇರುತ್ತಿದೆ" ಎನ್ನುವಾಗ ಆ ಕಡೆಯ ಹಿರಿಯರ ನೆನಪೂ ನಮ್ಮ ಮಾತಿನಲ್ಲಿ ಇರಬೇಕು. ಆಗ ಎದುರಿನವರು ಕೇಳುತ್ತಾರೆ.

ಇನ್ನು ನಮ್ಮ ಕಾಲಕ್ಕೆ ಬರೋಣ. ವಿ.ಕೃ. ಗೋಕಾಕರ ಸಮಿತಿ 1981ರಲ್ಲಿ ವರದಿ ಕೊಟ್ಟಿತು. ಪ್ರೌಢಶಾಲೆಯಲ್ಲಿ ಕನ್ನಡವೇ ಏಕೈಕ ಪ್ರಥಮ ಭಾಷೆಯಾಗಬೇಕೆಂದು ಅದು ಹೇಳಿತು. 1982ರಲ್ಲಿ ಡಾ. ರಾಜಕುಮಾರ್ ಮುಂದೆ ನಿಂತ ಮೇಲೆ ಚಳವಳಿ ಹಳ್ಳಿ ಹಳ್ಳಿಗೂ ಮುಟ್ಟಿತು. ಉರ್ದುವಿನ ಸ್ಥಾನ ಹೋಗುತ್ತದೆಂದು ನಮ್ಮ ಮನೆಗಳಲ್ಲಿ ಅಂಜಿಕೆ ಹುಟ್ಟಿದ್ದು ಸಹಜ. ಆದರೆ ಆ ಚಳವಳಿಯ ಮೂಲದ ಸಿಟ್ಟು ಉರ್ದುವಿನ ಮೇಲಿರಲಿಲ್ಲ. ಸಂಸ್ಕೃತವನ್ನು ಪ್ರಥಮ ಭಾಷೆಯಾಗಿ ತೆಗೆದುಕೊಂಡು, ಕನ್ನಡವನ್ನು ಓದದೆಯೇ ಕರ್ನಾಟಕದಲ್ಲಿ ಎಸ್.ಎಸ್.ಎಲ್.ಸಿ. ಮುಗಿಸುವ ಅನುಕೂಲದ ಮೇಲಿತ್ತು. ಇದನ್ನು ನಮ್ಮವರಲ್ಲಿಯೂ ಅನೇಕರು ಮರೆತಿದ್ದಾರೆ, ಕನ್ನಡದ ಗೆಳೆಯರಲ್ಲಿಯೂ ಅನೇಕರು ಮರೆತಿದ್ದಾರೆ. ಮರೆವಿನ ಫಲ 1994ರ ಅಕ್ಟೋಬರಿನಲ್ಲಿ ಕಂಡಿತು. ದೂರದರ್ಶನದಲ್ಲಿ ಹತ್ತು ನಿಮಿಷದ ಉರ್ದು ವಾರ್ತೆಯ ನೆಪದಲ್ಲಿ ಬೆಂಗಳೂರಿನಲ್ಲಿ ಗಲಭೆಯಾಗಿ ಜೀವಗಳು ಹೋದವು. ಭಾಷೆಯ ಚರ್ಚೆ ಎಂದರೆ ನಮ್ಮ ಹಿರಿಯರು "ಬೇಡಮ್ಮಾ, ಆ ಮಾತು ಬೇಡ" ಎನ್ನುವುದಕ್ಕೆ ಕಾರಣವಿಲ್ಲದೆ ಇಲ್ಲ.

ಅದೇ 1994ರ ಏಪ್ರಿಲ್ 29ರಂದು ಸರ್ಕಾರ ಆದೇಶ ಹೊರಡಿಸಿತು. ಒಂದರಿಂದ ನಾಲ್ಕನೆಯ ತರಗತಿಯವರೆಗೆ ಮಾತೃಭಾಷೆ ಅಥವಾ ಕನ್ನಡವೇ ಮಾಧ್ಯಮ ಎಂದಿತು. ಆಮೇಲೆ ಆದದ್ದೇನು? ಕನ್ನಡ ಮಾಧ್ಯಮಕ್ಕೆಂದು ಅನುಮತಿ ಪಡೆದು ಇಂಗ್ಲಿಷಿನಲ್ಲಿ ಕಲಿಸುವ ಶಾಲೆಗಳು ರಾಜ್ಯದ ತುಂಬ ಹುಟ್ಟಿಕೊಂಡವು. ಮೊಕದ್ದಮೆ ಇಪ್ಪತ್ತು ವರ್ಷ ನಡೆಯಿತು. 2008ರಲ್ಲಿ ಹೈಕೋರ್ಟು ಆ ಆದೇಶದ ಮುಖ್ಯ ಭಾಗವನ್ನು ಖಾಸಗಿ ಶಾಲೆಗಳ ಮಟ್ಟಿಗೆ ತಳ್ಳಿಹಾಕಿತು. 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠವೂ ಅದನ್ನೇ ಎತ್ತಿ ಹಿಡಿಯಿತು. ಮಗುವಿನ ಮಾತೃಭಾಷೆ ಯಾವುದೆಂದು ನಿರ್ಧರಿಸುವವರು ತಂದೆ ತಾಯಿ ಅಥವಾ ಪೋಷಕರು, ಸರ್ಕಾರವಲ್ಲ ಎಂದಿತು. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲೇ ಕಲಿಯಬೇಕೆಂದು ಒತ್ತಾಯಿಸುವಂತಿಲ್ಲ ಎಂದಿತು.

ವಿದ್ಯಾರ್ಥಿಗಳೇ, ಇಲ್ಲಿ ಸ್ವಲ್ಪ ನಿಲ್ಲಿ. ಈ ತೀರ್ಪಿನಿಂದ ಪ್ರಶ್ನೆ ಮುಗಿಯಿತೇ? ಮುಗಿಯಲಿಲ್ಲ. ಯಾರು ನಿರ್ಧರಿಸಬೇಕು ಎಂಬುದು ಮುಗಿಯಿತು. ಏನನ್ನು ನಿರ್ಧರಿಸಿದರೆ ಒಳ್ಳೆಯದು ಎಂಬುದು ಹಾಗೆಯೇ ಉಳಿಯಿತು. ಕಾನೂನಿನ ಪ್ರಶ್ನೆ ಬೇರೆ, ಶಿಕ್ಷಣದ ಪ್ರಶ್ನೆ ಬೇರೆ. ನಮ್ಮ ಸಭೆಗಳಲ್ಲಿ ಒಬ್ಬರು "ನಮಗೆ ಹಕ್ಕಿದೆ" ಎನ್ನುತ್ತಾರೆ, ಇನ್ನೊಬ್ಬರು "ಮಗುವಿಗೆ ತಿಳಿಯುವುದಿಲ್ಲ" ಎನ್ನುತ್ತಾರೆ. ಇಬ್ಬರೂ ಉತ್ತರ ಕೊಡುತ್ತಿರುವುದು ಬೇರೆ ಬೇರೆ ಪ್ರಶ್ನೆಗಳಿಗೆ.

ಸರಿ, ಮಾತೃಭಾಷೆಯನ್ನು ನಾವೇ ನಿರ್ಧರಿಸಬೇಕು ಎಂದಾಯಿತು. ನಮ್ಮ ಮಾತೃಭಾಷೆ ಯಾವುದು? 2011ರ ಜನಗಣತಿಯಲ್ಲಿ ಕರ್ನಾಟಕದ ಜನಸಂಖ್ಯೆಯಲ್ಲಿ ಮುಸಲ್ಮಾನರು ಶೇ. 12.92, ಉರ್ದು ಮಾತೃಭಾಷೆಯೆಂದು ಬರೆಸಿದವರು ಶೇ. 10.83. ಕರಾವಳಿಯಲ್ಲಿ ಬ್ಯಾರಿ, ಭಟ್ಕಳದಲ್ಲಿ ನವಾಯತಿ ಇವೆ. ನಮ್ಮ ಕಡೆ ಪಿಂಜಾರ, ನದಾಫ ಮನೆಗಳಲ್ಲಿ ಅನೇಕ ಕಡೆ ಕನ್ನಡವೇ ಮನೆಮಾತು. ಅಂಥ ಮನೆಯ ಮಗುವನ್ನು ಕೌಮಿನ ಹೆಸರಿನಲ್ಲಿ ಉರ್ದು ಮಾಧ್ಯಮಕ್ಕೆ ಸೇರಿಸಿ ಅದನ್ನು "ಮಾತೃಭಾಷಾ ಶಿಕ್ಷಣ" ಎಂದು ಕರೆದರೆ ಅದು ಹೆಸರಿಗೆ ಮಾತ್ರ. ಇನ್ನು ಉರ್ದು ಎಂದು ಬರೆಸಿದವರ ಮನೆಯಲ್ಲಿ ಆಡುವುದಾದರೂ ಏನು? ದಖ್ಖನಿ. "ನಕ್ಕೋ", "ಹೌ", "ಕೈಕು". ಒಬ್ಬ ತಂದೆ ತಮ್ಮ ಮಗಳ ಬಗ್ಗೆ ನನಗೆ ಹೇಳಿದ ಮಾತು: "ಟೀಚರ್, ಉಸ್ಕು ಕುಚ್ ಸಮಜ್ತಾಚ್ ನೈ ಕತೆ." ಅವಳಿಗೆ ಏನೂ ತಿಳಿಯುವುದೇ ಇಲ್ಲವಂತೆ. ಈ "ಕತೆ" ಎನ್ನುವುದು ನಮ್ಮ ಕನ್ನಡದ "ಅಂತೆ"ಯ ಒಡಹುಟ್ಟಿನ ಹಾಗಿದೆ, ದೆಹಲಿ ಲಖನೌಗಳ ಉರ್ದುವಿನಲ್ಲಿ ಹುಡುಕಿದರೆ ಸಿಗುವುದಿಲ್ಲ. ಪಠ್ಯಪುಸ್ತಕದ ಉರ್ದು ನಮ್ಮ ಮಗುವಿಗೆ ಪರಕೀಯವಲ್ಲ, ನಿಜ. ಆದರೆ ಅದು ಮನೆಯ ಜಗಲಿಯ ಮೇಲಿನ ಭಾಷೆಯೂ ಅಲ್ಲ. ಉರ್ದು ಶಿಕ್ಷಕರು ಇದನ್ನು ಒಪ್ಪಿಕೊಂಡು ದಖ್ಖನಿಯಿಂದ ಪುಸ್ತಕದ ಉರ್ದುವಿಗೆ ಮಗುವನ್ನು ಕೈಹಿಡಿದು ಕರೆತರಬೇಕು. ಮಗು ಬಾಯಿ ತೆರೆದ ಕೂಡಲೇ "ಗಲತ್" ಎಂದರೆ ಅದು ಆಮೇಲೆ ಬಾಯಿಯನ್ನೇ ತೆರೆಯುವುದಿಲ್ಲ.

ಆ ತಂದೆಯ ವಿಷಯವನ್ನು ಪೂರ್ತಿ ಹೇಳಬೇಕು. ಇಂದಿನ ನನ್ನ ಮಾತಿನ ತಿರುಳೇ ಅದು. ಅವರು ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುವವರು. ಮಗಳು ಉರ್ದು ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಏಳನೆಯ ತರಗತಿ ಮುಗಿಸಿದಳು, ಲೆಕ್ಕದಲ್ಲಿ ಇಡೀ ತರಗತಿಗೆ ಮುಂದು. ಎಂಟನೆಯ ತರಗತಿಗೆ ಉರ್ದು ಪ್ರೌಢಶಾಲೆ ಹತ್ತಿರದಲ್ಲಿ ಇರಲಿಲ್ಲ, ಕನ್ನಡ ಮಾಧ್ಯಮದ ಪ್ರೌಢಶಾಲೆಗೆ ಸೇರಿಸಿದರು. ಮೂರು ತಿಂಗಳಲ್ಲಿ ಹುಡುಗಿ ಹಿಂದಿನ ಬೆಂಚಿಗೆ ಹೋಗಿ ಕುಳಿತಳು. ಆರನೆಯ ತಿಂಗಳಿಗೆ ಶಾಲೆ ಬಿಟ್ಟಳು. ತಂದೆ ನನ್ನ ಬಳಿ ಬಂದದ್ದು ಟಿ.ಸಿ. ಕೇಳಲು ಅಲ್ಲ. ಮಗಳಿಗೆ ನಿಜವಾಗಿಯೂ ಬುದ್ಧಿ ಇಲ್ಲವೇ ಎಂದು ಕೇಳಲು.

ಬುದ್ಧಿ ಇಲ್ಲದೆ ಏನಾಗಿತ್ತು? ಏಳು ವರ್ಷ ಅವಳು "ಮುಸಲ್ಲಸ್" ಎಂದು ಕಲಿತದ್ದು ಅಲ್ಲಿ "ತ್ರಿಭುಜ"ವಾಯಿತು. "ದಾಯರಾ" "ವೃತ್ತ"ವಾಯಿತು. "ಕಸ್ರ್" ಎಂದರೆ ಭಿನ್ನರಾಶಿ, "ಜರ್ಬ್" ಎಂದರೆ ಗುಣಾಕಾರ, "ರಖ್ಬಾ" ಎಂದರೆ ವಿಸ್ತೀರ್ಣ. ವಿಜ್ಞಾನದಲ್ಲಿ "ಜಿಯಾಯಿ ತಾಲೀಫ್" ಎಂದು ಕಷ್ಟಪಟ್ಟು ಬಾಯಿಪಾಠ ಮಾಡಿದ್ದು "ದ್ಯುತಿಸಂಶ್ಲೇಷಣೆ"ಯಾಯಿತು. ಪಿ.ಯು.ಸಿ.ಗೆ ಹೋದರೆ ಅದೇ "ಫೋಟೋಸಿಂಥೆಸಿಸ್". ಎಲೆಯೊಳಗೆ ನಡೆಯುವ ಕೆಲಸ ಒಂದೇ, ಮಗು ಅದಕ್ಕೆ ಮೂರು ಸಲ ಹೆಸರಿಡಬೇಕು. ಬಲದಿಂದ ಎಡಕ್ಕೆ ಬರೆದ ಕೈ ಎಡದಿಂದ ಬಲಕ್ಕೆ ಟಿಪ್ಪಣಿ ಬರೆದುಕೊಳ್ಳಬೇಕು, ಅದೂ ಶಿಕ್ಷಕರು ಹೇಳುವ ವೇಗದಲ್ಲಿ. ಕನ್ನಡ ಮಾತಾಡಲು ಅವಳಿಗೆ ಬರುತ್ತಿತ್ತು, ಸಂತೆಯಲ್ಲಿ ಚೌಕಾಸಿ ಮಾಡುವಷ್ಟು ಚೆನ್ನಾಗಿಯೇ ಬರುತ್ತಿತ್ತು. ಸಂತೆಯ ಕನ್ನಡ ಬೇರೆ, ಸಮಾಜ ವಿಜ್ಞಾನ ಪುಸ್ತಕದ ಕನ್ನಡ ಬೇರೆ. ಇದನ್ನು ಹೊಸ ಶಾಲೆಯಲ್ಲಿ ಯಾರೂ ಗಮನಿಸಲಿಲ್ಲ. ಹಳೆಯ ಶಾಲೆಯಲ್ಲಿಯೂ ಅವಳನ್ನು ಯಾರೂ ಇದಕ್ಕೆ ಸಿದ್ಧಪಡಿಸಿರಲಿಲ್ಲ.

ಗಂಡು ಮಕ್ಕಳಾದರೆ ಈ ಹಂತದಲ್ಲಿ ಗ್ಯಾರೇಜಿಗೋ, ವೆಲ್ಡಿಂಗ್ ಅಂಗಡಿಗೋ, ಬೆಂಗಳೂರಿನ ಗಾರೆ ಕೆಲಸಕ್ಕೋ ಹೋಗುತ್ತಾರೆ. ಹರಪನಹಳ್ಳಿ, ಕೂಡ್ಲಿಗಿ ಕಡೆಯ ಗುಳೆಯ ವಿಚಾರ ನಿಮಗೆ ಹೇಳಬೇಕಾಗಿಲ್ಲ. ಹೆಣ್ಣು ಮಕ್ಕಳು ಮನೆಯಲ್ಲಿ ಉಳಿಯುತ್ತಾರೆ. ಆಮೇಲೆ ಒಂದು ಮಾತು ಹುಟ್ಟುತ್ತದೆ: "ಮುಸ್ಲಿಮರು ಹೆಣ್ಣು ಮಕ್ಕಳನ್ನು ಓದಿಸುವುದಿಲ್ಲ." ಓದಿಸದ ಮನೆಗಳು ಇಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಓದಿಸಬೇಕೆಂದು ಬಯಸಿದ ಮನೆಯ ಮಗಳೂ ಎಂಟನೆಯ ತರಗತಿಯ ಹೊಸ್ತಿಲಲ್ಲಿ ಮುಗ್ಗರಿಸುತ್ತಾಳೆ ಎಂಬುದು ಆ ಮಾತಿನಲ್ಲಿ ಬರುವುದಿಲ್ಲ.

ಈಗ ಇಂಗ್ಲಿಷ್ ಬೇಕೆನ್ನುವವರ ವಾದವನ್ನು ಅವರಷ್ಟೇ ಬಲವಾಗಿ ಹೇಳಲು ಪ್ರಯತ್ನಿಸುತ್ತೇನೆ. ಅವರು ಹೇಳುವುದು ಇಷ್ಟು. ಏಳರ ನಂತರ ಹೇಗೂ ಭಾಷೆ ಬದಲಾಗಬೇಕು, ಪಿ.ಯು.ಸಿ. ವಿಜ್ಞಾನಕ್ಕೆ ಮತ್ತೊಮ್ಮೆ ಬದಲಾಗಬೇಕು. ಎರಡು ಸಲ ಬೀಳುವುದಕ್ಕಿಂತ ಒಂದನೆಯ ತರಗತಿಯಲ್ಲಿಯೇ ಆ ಕಷ್ಟ ಮುಗಿಸಿಬಿಡುವುದು ಲೇಸಲ್ಲವೇ? 2017-18ರಿಂದ ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆ ತೆರೆದ ಮೌಲಾನಾ ಆಜಾದ್ ಮಾದರಿ ಶಾಲೆಗಳೇ ಆರನೆಯ ತರಗತಿಯಿಂದ ಇಂಗ್ಲಿಷ್ ಮಾಧ್ಯಮದವು. ಕನ್ನಡದ ಪರವಾಗಿ, ಉರ್ದುವಿನ ಪರವಾಗಿ ಭಾಷಣ ಮಾಡುವವರ ಮಕ್ಕಳು ಎಲ್ಲಿ ಓದುತ್ತಾರೆ? ಈ ಕೊನೆಯ ಪ್ರಶ್ನೆ ಕೇಳಿದಾಗ ವೇದಿಕೆಯ ಮೇಲಿನವರು ನೆಲ ನೋಡುವುದನ್ನು ನಾನು ಬೇರೆ ಬೇರೆ ಸಭೆಗಳಲ್ಲಿ ಕಂಡಿದ್ದೇನೆ. 2019ರಲ್ಲಿ ರಾಜ್ಯ ಸರ್ಕಾರ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ತರಗತಿಗಳನ್ನು ತೆರೆಯಲು ಹೊರಟಾಗ ಕನ್ನಡದ ಹಿರಿಯ ಸಾಹಿತಿಗಳು ವಿರೋಧಿಸಿದರು. ಆ ವರ್ಷದ ಜನವರಿಯಲ್ಲಿ ಧಾರವಾಡದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪೀಠದಿಂದ ಚಂದ್ರಶೇಖರ ಕಂಬಾರರೂ ವಿರೋಧಿಸಿದರು. ಆದರೂ ಆ ತರಗತಿಗಳಿಗೆ ಮಕ್ಕಳು ಬಂದರು. ನಮ್ಮ ನೆರೆಯ ಆಂಧ್ರದಲ್ಲಿಯೂ 2019ರಲ್ಲಿ ಸರ್ಕಾರಿ ಶಾಲೆಗಳನ್ನೆಲ್ಲ ಇಂಗ್ಲಿಷ್ ಮಾಧ್ಯಮ ಮಾಡುವ ಆದೇಶ ಹೊರಟಿತು. 2020ರ ಏಪ್ರಿಲಿನಲ್ಲಿ ಅಲ್ಲಿನ ಹೈಕೋರ್ಟು ಅದನ್ನು ರದ್ದು ಮಾಡಿತು. 1994ರಲ್ಲಿ ಇಲ್ಲಿನ ಸರ್ಕಾರ ಇಂಗ್ಲಿಷ್ ಬೇಡವೆಂದು ಆಜ್ಞೆ ಮಾಡಿತು, ಅಲ್ಲಿನ ಸರ್ಕಾರ ಇಂಗ್ಲಿಷೇ ಬೇಕೆಂದು ಆಜ್ಞೆ ಮಾಡಿತು, ಎರಡೂ ಕೋರ್ಟಿನಲ್ಲಿ ನಿಲ್ಲಲಿಲ್ಲ!

ಈ ವಾದದಲ್ಲಿ ಬಡವರ ನ್ಯಾಯವಾದ ಆಸೆಯಿದೆ. ಅದನ್ನು "ಇಂಗ್ಲಿಷ್ ಹುಚ್ಚು" ಎಂದು ನಗುವವರ ಜೊತೆ ನಾನಿಲ್ಲ. ಆದರೆ ಶಿಕ್ಷಕಿಯಾಗಿ ಒಂದು ಮಾತು ಕೇಳಬೇಕು: ಒಂದನೆಯ ತರಗತಿಯಲ್ಲಿ ಇಂಗ್ಲಿಷಿನಲ್ಲಿ ಕಲಿಸುವವರು ಯಾರು? ಗೋಡೆಗೆ ಬಳಿದ ಹೆಸರು ಬದಲಾದರೆ ಮಾಧ್ಯಮ ಬದಲಾಗುವುದಿಲ್ಲ. ಅನೇಕ ಶಾಲೆಗಳಲ್ಲಿ ನಡೆಯುವುದು ಹೀಗೆ: ಪುಸ್ತಕ ಇಂಗ್ಲಿಷಿನದು, ಶಿಕ್ಷಕಿ ಸಾಲು ಓದಿ ಅರ್ಥವನ್ನು ಕನ್ನಡದಲ್ಲಿ ಅಥವಾ ದಖ್ಖನಿಯಲ್ಲಿ ಹೇಳುತ್ತಾರೆ, ಮಗು ಪ್ರಶ್ನೋತ್ತರವನ್ನು ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡುತ್ತದೆ. ಪುಸ್ತಕದಲ್ಲಿ ಇಲ್ಲದ ಒಂದು ಪ್ರಶ್ನೆ ಕೇಳಿ ನೋಡಿ, ಮಗು ಗೋಡೆ ನೋಡುತ್ತದೆ. ಮನೆಯಲ್ಲಿ ಕೇಳೋಣವೆಂದರೆ ತಾಯಿಗೂ ಬಾರದು. ಮಲೇಷ್ಯಾ ದೇಶ 2003ರಲ್ಲಿ ಗಣಿತ ಮತ್ತು ವಿಜ್ಞಾನಗಳನ್ನು ಇಂಗ್ಲಿಷಿನಲ್ಲಿ ಕಲಿಸಲು ಆರಂಭಿಸಿತು. ನಮಗಿಂತ ಹಣವಿರುವ ದೇಶ ಅದು. ಆದರೂ 2009ರಲ್ಲಿ ಮಲಯ ಭಾಷೆಗೆ ಹಿಂದಿರುಗುವ ತೀರ್ಮಾನ ಮಾಡಿತು. ಹಳ್ಳಿಯ ಮಕ್ಕಳು ಪೇಟೆಯ ಮಕ್ಕಳಿಗಿಂತ ಇನ್ನಷ್ಟು ಹಿಂದೆ ಬಿದ್ದದ್ದು, ಶಿಕ್ಷಕರಿಗೇ ಆ ಭಾಷೆ ಸಾಲದೆ ಬಂದದ್ದು ಕಾರಣಗಳಲ್ಲಿ ಸೇರಿದ್ದವು.

ಭಾಷೆಯನ್ನು ವಿಷಯವಾಗಿ ಕಲಿಸುವುದು ಬೇರೆ, ಆ ಭಾಷೆಯನ್ನು ಮಾಧ್ಯಮ ಮಾಡುವುದು ಬೇರೆ ಎಂದು ಬಿ.ಎಡ್.ನಲ್ಲಿ ನಮಗೆಲ್ಲ ಹೇಳಿಕೊಟ್ಟಿದ್ದಾರೆ, ಪರೀಕ್ಷೆ ಬರೆದ ಮೇಲೆ ಮರೆಯುತ್ತೇವೆ. ನಮ್ಮ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ 2007-08ರಿಂದಲೇ ಒಂದನೆಯ ತರಗತಿಯಿಂದ ಇಂಗ್ಲಿಷ್ ಒಂದು ವಿಷಯವಾಗಿದೆ. 2015ರ ಕನ್ನಡ ಭಾಷಾ ಕಲಿಕೆ ಅಧಿನಿಯಮದ ಪ್ರಕಾರ ಎಲ್ಲ ಶಾಲೆಗಳಲ್ಲಿಯೂ ಕನ್ನಡ ಪ್ರಥಮ ಅಥವಾ ದ್ವಿತೀಯ ಭಾಷೆಯಾಗಬೇಕು. ಈ ಎರಡನ್ನೂ ಉರ್ದು ಶಾಲೆಗಳಲ್ಲಿ ನಾವು ಮನಸ್ಸಿಟ್ಟು ಜಾರಿಗೆ ತಂದಿದ್ದರೆ ಇಂದಿನ ಜಗಳದ ಅರ್ಧ ಭಾಗ ಇರುತ್ತಿರಲಿಲ್ಲ. ವೇಳಾಪಟ್ಟಿಯಲ್ಲಿ ಕನ್ನಡ ಅವಧಿ ಇರುತ್ತದೆ, ಆ ಅವಧಿಯಲ್ಲಿ ನೋಟ್ಸ್ ತಿದ್ದುವುದು ನಡೆಯುತ್ತಿರುತ್ತದೆ.

ಇನ್ನೊಂದು ಪ್ರಶ್ನೆ ಬಾಗಿಲಿಗೇ ಬಂದು ನಿಂತಿದೆ, ನಮ್ಮವರು ಅದನ್ನು ಇನ್ನೂ ಸರಿಯಾಗಿ ಗಮನಿಸಿಲ್ಲ. ಪ್ರೊ. ಸುಖದೇವ್ ಥೋರಟ್ ಅವರ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗ 2025ರ ಆಗಸ್ಟಿನಲ್ಲಿ ವರದಿ ಸಲ್ಲಿಸಿತು. ಐದನೆಯ ತರಗತಿಯವರೆಗೆ ಕನ್ನಡ ಅಥವಾ ಮಾತೃಭಾಷೆಯ ಮಾಧ್ಯಮ, ಮೂರು ಭಾಷೆಗಳ ಬದಲು ಎರಡು ಭಾಷೆ ಎಂಬುದು ಅದರ ಶಿಫಾರಸು. ಹಿಂದಿಯ ಹೊರೆ ಇಳಿಯುತ್ತದೆಂದು ಕನ್ನಡದ ಮಗುವಿನ ಮನೆಯಲ್ಲಿ ಇದು ಸಿಹಿ ಸುದ್ದಿ. ಉರ್ದು ಶಾಲೆಯ ಮಗು ಓದುತ್ತಿರುವುದು ಉರ್ದು, ಇಂಗ್ಲಿಷ್, ಕನ್ನಡ. ಎರಡೇ ಎಂದರೆ ಬಿಡಬೇಕಾದದ್ದು ಯಾವುದು? ಉರ್ದು ಬಿಟ್ಟರೆ ಅದು ಉರ್ದು ಶಾಲೆಯಲ್ಲ. ಕನ್ನಡ ಬಿಟ್ಟರೆ ಎಂಟನೆಯ ತರಗತಿಯ ಹಳ್ಳ ಇನ್ನೂ ಆಳವಾಗುತ್ತದೆ, ಕಾನೂನೂ ಒಪ್ಪುವುದಿಲ್ಲ. ಇಂಗ್ಲಿಷ್ ಬಿಡಲು ಯಾವ ತಂದೆಯೂ ಸಿದ್ಧನಿಲ್ಲ. ಅಲ್ಪಸಂಖ್ಯಾತ ಭಾಷೆಯ ಮಗುವಿಗೆ ಮೂರನೆಯ ಭಾಷೆ ಹೊರೆಯಲ್ಲ, ಸೇತುವೆ ಎಂದು ಹೇಳಬೇಕಾದವರು ನಾವೇ. ಅದನ್ನು ಬೀದಿಯಲ್ಲಿ ನಿಂತು ಕೂಗಿದರೆ ಸಾಲದು. ಮಕ್ಕಳ ಲೆಕ್ಕ ಸಮೇತ ಬರೆದು ಕೊಡಬೇಕು.

ಲೆಕ್ಕ ಸಮೇತ ಎಂದದ್ದಕ್ಕೆ ನಮ್ಮ ಸೀಮೆಯದೇ ಉದಾಹರಣೆ ಇದೆ. ಹರಪನಹಳ್ಳಿ ತಾಲ್ಲೂಕು 1997ರಲ್ಲಿ ಹೊಸ ದಾವಣಗೆರೆ ಜಿಲ್ಲೆಗೆ ಸೇರಿತು. ಮುಂದೆ ಸಂವಿಧಾನದ 371ಜೆ ವಿಧಿಯ ಸೌಲಭ್ಯ ಬಳ್ಳಾರಿಯೂ ಸೇರಿ ಆರು ಜಿಲ್ಲೆಗಳಿಗೆ ಬಂದಾಗ ಹರಪನಹಳ್ಳಿ ಹೊರಗೆ ಉಳಿಯಿತು. ಹಡಗಲಿಯ ಹುಡುಗನಿಗೆ ಎಂಜಿನಿಯರಿಂಗ್ ಸೀಟಿನಲ್ಲಿ ಮೀಸಲಾತಿ, ಪಕ್ಕದ ಹರಪನಹಳ್ಳಿಯ ಹುಡುಗನಿಗೆ ಇಲ್ಲ. ಆ ಊರಿನವರು ಜಾತಿ ಧರ್ಮ ನೋಡದೆ ಒಟ್ಟಾಗಿ ಹೋರಾಡಿದರು. ಮೊದಲು ಇದು ಬಳ್ಳಾರಿಯದೇ ತಾಲ್ಲೂಕು, ಹಿಂದುಳಿದಿರುವಿಕೆಯೂ ಒಂದೇ ಎಂದು ಪಟ್ಟು ಹಿಡಿದು ತೋರಿಸಿದರು. 2018ರಲ್ಲಿ ತಾಲ್ಲೂಕನ್ನು ಬಳ್ಳಾರಿಗೆ ಮರಳಿ ಸೇರಿಸುವ ತೀರ್ಮಾನವಾಯಿತು. ಈಗ ನಾವೆಲ್ಲ 2021ರಲ್ಲಿ ಆದ ವಿಜಯನಗರ ಜಿಲ್ಲೆಯವರು. ಶಿಕ್ಷಣದ ಒಂದು ಪ್ರಶ್ನೆಯನ್ನು ಎತ್ತಿ, ವಾದಿಸಿ, ಗೆದ್ದ ಜನ ಇದೇ ಸಭೆಯಲ್ಲಿ ಕುಳಿತಿದ್ದಾರೆ.

ಭಿನ್ನಾಭಿಪ್ರಾಯದ ಬಗ್ಗೆ ವಿದ್ಯಾರ್ಥಿಗಳಿಗೆ ಒಂದು ಮಾತು. 2022ರಲ್ಲಿ ಹಿಜಾಬಿನ ಪ್ರಶ್ನೆ ಬಂದಾಗ ನೀವು ಟಿ.ವಿ.ಯಲ್ಲಿ ಕಂಡದ್ದು ಕೂಗಾಟ. ಅದರ ಒಳಹೊಕ್ಕು ನಾನು ಇಂದು ಮಾತನಾಡುವುದಿಲ್ಲ. ಆ ವರ್ಷದ ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಒಂದೇ ಮೇಜಿನ ಹಿಂದೆ ಕುಳಿತು ಎರಡು ವಿರುದ್ಧ ತೀರ್ಪು ಕೊಟ್ಟರು. ಒಬ್ಬರು ಇನ್ನೊಬ್ಬರನ್ನು ದ್ರೋಹಿ ಎನ್ನಲಿಲ್ಲ, ತಮ್ಮ ತಮ್ಮ ಕಾರಣಗಳನ್ನು ಪುಟಗಟ್ಟಲೆ ಬರೆದಿಟ್ಟರು. ಯಾವ ಪಕ್ಷವನ್ನಾದರೂ ಹಿಡಿಯಿರಿ, ಕಾರಣ ಬರೆದಿಡುವ ಆ ಅಭ್ಯಾಸವನ್ನು ಕಲಿಯಿರಿ.

ಇನ್ನು ನನ್ನ ಅಭಿಪ್ರಾಯ. ನಮ್ಮ ಶಾಲೆಯ ಒಂದರಿಂದ ಐದರವರೆಗಿನ ಮಾಧ್ಯಮವನ್ನು ಈಗ ಬದಲಾಯಿಸಬಾರದು. ಅದರ ಬದಲು ಒಬ್ಬರು ಒಳ್ಳೆಯ ಕನ್ನಡ ಶಿಕ್ಷಕರನ್ನು, ಒಬ್ಬರು ನಿಜವಾಗಿ ಇಂಗ್ಲಿಷ್ ಮಾತನಾಡಬಲ್ಲ ಶಿಕ್ಷಕರನ್ನು ನೇಮಿಸಬೇಕು. ಬೋರ್ಡು ಬದಲಾಯಿಸುವುದಕ್ಕಿಂತ ಇದಕ್ಕೆ ಖರ್ಚು ಹೆಚ್ಚು ಎಂದು ಖಜಾಂಚಿಗಳು ಹೇಳುತ್ತಾರೆ, ಹೌದು, ಹೆಚ್ಚು. ಆರನೆಯ ತರಗತಿಯಿಂದ ಗಣಿತ, ವಿಜ್ಞಾನದ ಪಾರಿಭಾಷಿಕ ಶಬ್ದಗಳನ್ನು ಮೂರೂ ಭಾಷೆಯಲ್ಲಿ ಕಲಿಸಬೇಕು. ನನ್ನ ತರಗತಿಯಲ್ಲಿ ಮೂರು ಕಂಬಸಾಲಿನ ಒಂದು ಪಟ್ಟಿ ಗೋಡೆಗೆ ಅಂಟಿಸಿದ್ದೇನೆ. ಮಕ್ಕಳೇ ವಾರಕ್ಕೆ ಹತ್ತು ಶಬ್ದ ಸೇರಿಸುತ್ತಾರೆ. ಏಳರ ಪರೀಕ್ಷೆ ಮುಗಿದ ಮೇಲೆ ಏಪ್ರಿಲ್, ಮೇ ತಿಂಗಳಲ್ಲಿ ಎಂಟಕ್ಕೆ ಹೋಗುವ ಮಕ್ಕಳಿಗೆ ಆರು ವಾರ ಕನ್ನಡದ ತರಬೇತಿ ಬೇಕು. ಕನ್ನಡ ಮನೆಮಾತಿನ ಮಕ್ಕಳನ್ನು ಕನ್ನಡ ಶಾಲೆಗೇ ಕಳಿಸಿ, ಅವರಿಗೆ ಸಂಜೆ ಉರ್ದು ಕಲಿಸೋಣ. ಲೇಖಕಿ ಬಾನು ಮುಷ್ತಾಕರನ್ನು ಎಂಟನೆಯ ವಯಸ್ಸಿನಲ್ಲಿ ಶಿವಮೊಗ್ಗದ ಕನ್ನಡ ಶಾಲೆಗೆ ಸೇರಿಸಿಕೊಂಡದ್ದು ಆರು ತಿಂಗಳಲ್ಲಿ ಕನ್ನಡ ಓದು ಬರಹ ಕಲಿಯಬೇಕೆಂಬ ಷರತ್ತಿನ ಮೇಲೆ. ಅವರು ಕೆಲವೇ ದಿನಗಳಲ್ಲಿ ಕಲಿತರು, 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದ ಪುಸ್ತಕ ಅವರ ಕನ್ನಡ ಕಥೆಗಳ ಅನುವಾದ. ಇದನ್ನು ಹೇಳಿ ಚಪ್ಪಾಳೆ ಗಿಟ್ಟಿಸುವುದು ಸುಲಭ. ಆದರೆ ಎಲ್ಲ ಮಕ್ಕಳೂ ಕೆಲವೇ ದಿನಗಳಲ್ಲಿ ಕಲಿಯುವುದಿಲ್ಲ. ಶಾಲೆ ಇರುವುದು ಆರು ತಿಂಗಳು ಬೇಕಾದ ಮಗುವಿಗಾಗಿ, ಎರಡು ವರ್ಷ ಬೇಕಾದ ಮಗುವಿಗಾಗಿ.

ನನ್ನ ಅಭಿಪ್ರಾಯ ತಪ್ಪಿರಬಹುದು ಎನ್ನುವವರು ಇದ್ದಾರೆ, ಇರಲಿ. ಅದನ್ನು ಪರೀಕ್ಷಿಸುವ ದಾರಿ ನಮ್ಮ ಕೈಯಲ್ಲಿಯೇ ಇದೆ. ಐದೂ ಊರುಗಳಲ್ಲಿ ಉರ್ದು ಶಾಲೆಗಳ ದಾಖಲಾತಿ ಪುಸ್ತಕಗಳಿವೆ. ಕಳೆದ ಐದು ವರ್ಷಗಳಲ್ಲಿ ಏಳನೆಯ ತರಗತಿ ಮುಗಿಸಿದ ಪ್ರತಿ ಮಗು ಎಂಟಕ್ಕೆ ಎಲ್ಲಿಗೆ ಹೋಯಿತು, ಯಾವ ಮಾಧ್ಯಮಕ್ಕೆ ಹೋಯಿತು, ಎಸ್.ಎಸ್.ಎಲ್.ಸಿ. ಮುಟ್ಟಿತೋ ಇಲ್ಲವೋ ಎಂದು ಮುಖ್ಯೋಪಾಧ್ಯಾಯರ ಅನುಮತಿ ಪಡೆದು ಬರೆದುಕೊಂಡು ಬರಬೇಕು. ಶಾಲೆ ಬಿಟ್ಟವರ ಮನೆಗೆ ಹೋಗಿ ಕಾರಣವನ್ನು ಅವರ ಬಾಯಿಂದಲೇ ಕೇಳಬೇಕು. ಹುಡುಗಿಯರ ಮನೆಗೆ ಹುಡುಗಿಯರೇ ಹೋದರೆ ಒಳ್ಳೆಯದು. ಈ ಕೆಲಸಕ್ಕೆ ಊರಿಗೆ ನಾಲ್ಕು ಜನರಂತೆ ಇಪ್ಪತ್ತು ವಿದ್ಯಾರ್ಥಿಗಳು ಬೇಕು. ಅಧ್ಯಕ್ಷರು ಬಸ್ ಖರ್ಚು ಕೊಡಲು ಒಪ್ಪಿದ್ದಾರೆ. ಕಡತದಲ್ಲಿರುವ ಸಲಹೆಯನ್ನು ಆ ಲೆಕ್ಕ ಬಂದ ಮೇಲೆ, ಮೇ ತಿಂಗಳ ಸಭೆಯಲ್ಲಿ ತೆಗೆದುಕೊಳ್ಳೋಣವೆಂದು ಕಾರ್ಯಕಾರಿ ಸಮಿತಿಯನ್ನು ವಿನಂತಿಸುತ್ತೇನೆ. ಅಂದು ಇಂಗ್ಲಿಷ್ ಬೇಕೆನ್ನುವವರು ಉರ್ದುವಿನ ಪರವಾಗಿ ಹತ್ತು ನಿಮಿಷ, ಉರ್ದು ಬೇಕೆನ್ನುವವರು ಇಂಗ್ಲಿಷಿನ ಪರವಾಗಿ ಹತ್ತು ನಿಮಿಷ ಮಾತನಾಡಿದ ಮೇಲೆಯೇ ಮತಕ್ಕೆ ಹಾಕೋಣ. ಹೆಸರು ಕೊಡುವ ವಿದ್ಯಾರ್ಥಿಗಳು ಊಟವಾದ ನಂತರ ಗ್ರಂಥಾಲಯದ ಕೋಣೆಗೆ ಬನ್ನಿ, ನಮೂನೆ ಅಲ್ಲಿಟ್ಟಿದ್ದೇನೆ.